‘ಬೈ ಅಂಡ್ ಲಾರ್ಜ್’: ಒಂದು ನಾವಿಕ ನುಡಿಗಟ್ಟಿನ ಚರಿತ್ರೆ

ಇಂಗ್ಲಿಷಿನಲ್ಲಿ ರಚಿತವಾದ ಇತಿಹಾಸ ಗ್ರಂಥಗಳನ್ನು ಓದುವವರಿಗೆ ‘ಬೈ ಅಂಡ್ ಲಾರ್ಜ್’ ಎಂಬ ನುಡಿಗಟ್ಟು ಅಪರಿಚಿತವಲ್ಲ. ಒಂದು ಶತಮಾನದ ಆಡಳಿತವನ್ನೋ ಒಂದು ಪ್ರಾಂತದ ಕೃಷಿಯನ್ನೋ ಕುರಿತು ಹತ್ತಾರು ಪುಟಗಳಷ್ಟು ವಿವರಗಳನ್ನು ಕೊಟ್ಟ ತರುವಾಯ ಗ್ರಂಥಕಾರರು ಈ ಮಾತನ್ನು ಮುಂದಿಟ್ಟು ತಮ್ಮ ನಿರ್ಣಯವನ್ನು ಹೇಳುತ್ತಾರೆ. ನಮ್ಮ ವಿದ್ಯಾರ್ಥಿಗಳು ವಿವರಗಳನ್ನು ಅಲ್ಲಿಯೇ ಬಿಟ್ಟು, ಈ ಮಾತನ್ನು ಮಾತ್ರ ಎತ್ತಿಕೊಂಡು ತಮ್ಮ ಉತ್ತರಪತ್ರಿಕೆಗಳಿಗೆ ತರುತ್ತಾರೆ. ಕನ್ನಡದಲ್ಲಿ ಬರೆಯುವಾಗ ಇದಕ್ಕೆ ಸಂವಾದಿಯಾಗಿ ಎರಡು ಮಾತುಗಳು ಬಳಕೆಯಲ್ಲಿವೆ: ‘ಬಹುಮಟ್ಟಿಗೆ’ ಮತ್ತು ‘ಒಟ್ಟಿನಲ್ಲಿ’. ಇವೆರಡೂ ಒಂದೇ ಎಂದು ಮೇಲುನೋಟಕ್ಕೆ ತೋರಿದರೂ ಹಾಗಲ್ಲ. ‘ಬಹುಮಟ್ಟಿಗೆ’ ಎಂದಾಗ ಸ್ವಲ್ಪ ಭಾಗವನ್ನು ನಾವು ಹೊರಗೆ ಇಟ್ಟಿದ್ದೇವೆ. ‘ಒಟ್ಟಿನಲ್ಲಿ’ ಎಂದಾಗ ಎಲ್ಲವನ್ನೂ ಒಳಗೆ ತಂದಿದ್ದೇವೆ. ಪರಸ್ಪರ ವಿರುದ್ಧವೆನ್ನಬಹುದಾದ ಈ ಎರಡು ಅರ್ಥಗಳಿಗೂ ಒಂದೇ ಇಂಗ್ಲಿಷ್ ನುಡಿಗಟ್ಟು ಹೊಂದುವುದಾದರೂ ಹೇಗೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೊರಟರೆ ನಾವು ಹದಿನೇಳನೆಯ ಶತಮಾನದ ಹಾಯಿಹಡಗಿಗೆ ಬಂದು ಸೇರುತ್ತೇವೆ. ಆ ಮಾತಿನ ಚರಿತ್ರೆಯನ್ನು ಲಿಖಿತಾಧಾರಗಳಿಂದ ನಿರೂಪಿಸುವುದೂ, ಇತಿಹಾಸವನ್ನು ಬೋಧಿಸುವವರಿಗೆ ಅದರಿಂದ ಒದಗುವ ತೊಡಕೊಂದನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶ.

ಪ್ರಾರಂಭದಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳುವುದು ಯುಕ್ತ. ತಮ್ಮ ಭಾಷೆಯ ನುಡಿಗಟ್ಟುಗಳಿಗೆಲ್ಲ ಕಡಲಿನ ಮೂಲವನ್ನು ಕಲ್ಪಿಸುವ ಚಾಪಲ್ಯ ಇಂಗ್ಲಿಷರಲ್ಲಿ ಹೆಚ್ಚು. ದ್ವೀಪವಾಸಿಗಳಿಗೆ ಅದು ಸಹಜವೇ ಸರಿ. ಠೀವಿಯುಳ್ಳದ್ದು ಎಂಬ ಅರ್ಥದ ‘ಪಾಶ್’ ಎಂಬ ಮಾತಿನ ಕಥೆಯನ್ನು ನಮ್ಮಲ್ಲಿಯೂ ಅನೇಕರು ಕೇಳಿರಬಹುದು. ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಬದಿಯ ಕೊಠಡಿಗಳೂ ಹಿಂದಿರುಗುವಾಗ ಬಲಬದಿಯ ಕೊಠಡಿಗಳೂ ಬಿಸಿಲಿಗೆ ಮರೆಯಾಗಿ ತಂಪಾಗಿರುತ್ತಿದ್ದುವಂತೆ. ಅವುಗಳಿಗಾಗಿ ಹೆಚ್ಚು ಹಣ ತೆತ್ತವರ ಚೀಟಿಗಳ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಪದಗಳ ಮೊದಲಕ್ಷರಗಳನ್ನು ಒತ್ತುತ್ತಿದ್ದರಂತೆ. ಕಥೆ ಸೊಗಸಾಗಿದೆ. ಆದರೆ ಅಂಥ ಮುದ್ರೆಯುಳ್ಳ ಚೀಟಿಯೊಂದೂ ದೊರೆತಿಲ್ಲ. ಆದಕಾರಣ ಒಂದು ನುಡಿಗಟ್ಟು ಕಡಲಿನಿಂದ ಬಂದಿತೆಂದು ಯಾರಾದರೂ ಹೇಳಿದಾಗ, ಆ ಮಾತು ಮೊದಲು ಯಾವ ಬರಹದಲ್ಲಿ, ಯಾವ ವರ್ಷದಲ್ಲಿ, ಯಾವ ಅರ್ಥದಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ನಾವು ಕೇಳಬೇಕಾಗುತ್ತದೆ. ಶಾಸನವನ್ನು ಪರೀಕ್ಷಿಸುವಾಗ ನಾವು ಅನುಸರಿಸುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ‘ಬೈ ಅಂಡ್ ಲಾರ್ಜ್’ ಈ ಪರೀಕ್ಷೆಯಲ್ಲಿ ನಿಲ್ಲತಕ್ಕ ಕೆಲವೇ ನುಡಿಗಟ್ಟುಗಳಲ್ಲಿ ಒಂದು.

ಆಧಾರಗಳನ್ನು ನೋಡುವುದಕ್ಕೆ ಮುಂಚೆ ಹಡಗಿನ ನಡೆಯನ್ನು ಸ್ವಲ್ಪ ತಿಳಿಯಬೇಕು. ಆ ಕಾಲದ ಯೂರೋಪಿನ ದೊಡ್ಡ ಹಡಗುಗಳಲ್ಲಿ ಮುಖ್ಯವಾದ ಹಾಯಿಗಳು ಚೌಕಾಕಾರದವು. ಹಾಯಿಕಂಬಕ್ಕೆ ಅಡ್ಡಲಾಗಿ ಕಟ್ಟಿದ ಮರಗಳಿಂದ ಅವು ಇಳಿಬಿದ್ದಿರುತ್ತಿದ್ದುವು. ಈ ಅಡ್ಡಮರಗಳನ್ನು ಹಗ್ಗಗಳಿಂದ ಎಳೆದು ಓರೆಯಾಗಿಸಬಹುದಾಗಿತ್ತು. ಆದರೆ ಕಂಬವನ್ನು ನಿಲ್ಲಿಸಲು ಎರಡು ಪಕ್ಕಗಳಲ್ಲಿಯೂ ಬಿಗಿದಿದ್ದ ಹಗ್ಗಗಳು ತಡೆಯುತ್ತಿದ್ದುದರಿಂದ ಒಂದು ಮಿತಿಗೆ ಮೀರಿ ಓರೆಯಾಗಿಸುವಂತಿರಲಿಲ್ಲ. ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಯಾವ ಹಾಯಿಹಡಗೂ ಸಾಗಲಾರದು. ಚೌಕಹಾಯಿಯ ಹಡಗು ಎಷ್ಟು ಸಮೀಪಕ್ಕೆ ಹೋಗಬಲ್ಲುದು? ನಾವಿಕರು ದಿಕ್ಸೂಚಿಯ ಸುತ್ತನ್ನು 32 ಭಾಗಗಳಾಗಿ ವಿಂಗಡಿಸುತ್ತಿದ್ದರು. ಒಂದು ಭಾಗವೆಂದರೆ ಹನ್ನೊಂದೂಕಾಲು ಅಂಶ. ಗಾಳಿಯ ದಿಕ್ಕಿನಿಂದ ಆರು ಭಾಗಗಳಷ್ಟು, ಎಂದರೆ ಅರುವತ್ತೇಳೂವರೆ ಅಂಶಗಳಷ್ಟು, ಓರೆಯಾಗಿ ಸಾಗುವುದು ಇಂಥ ಹಡಗಿಗೆ ಸಾಧ್ಯವಾಗುತ್ತಿದ್ದ ಗರಿಷ್ಠ ಸಾಮೀಪ್ಯ. ಗಾಳಿ ಬರುವ ದಿಕ್ಕಿನಲ್ಲಿಯೇ ಇರುವ ಬಂದರನ್ನು ಸೇರಬೇಕಾದರೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಹೀಗೆ ಓರೆಯೋರೆಯಾಗಿ ಸಾಗಬೇಕು. ಲೆಕ್ಕ ಹಾಕಿ ನೋಡಿದರೆ, ನೇರವಾಗಿ ಹತ್ತು ಮೈಲಿ ಮುಂದುವರಿಯುವುದಕ್ಕೆ ಇಪ್ಪತ್ತಾರು ಮೈಲಿಗಳ ಪಯಣ ಬೇಕಾಗುತ್ತದೆ. ಗಾಳಿಯ ಒತ್ತಡದಿಂದ ಹಡಗು ಪಕ್ಕಕ್ಕೆ ಜಾರುವುದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಸ್ಥಿತಿ ಮತ್ತಷ್ಟು ಕಠಿಣ.

ಹೀಗೆ ಗಾಳಿಗೆ ಸಾಧ್ಯವಾದಷ್ಟು ಹತ್ತಿರ ಹಿಡಿದು ನಡೆಸುವುದಕ್ಕೆ ‘ಬೈ ದ ವಿಂಡ್’ ಎಂದು ಹೆಸರು. ‘ಬೈ’ ಎಂಬುದಕ್ಕೆ ಇಲ್ಲಿ ‘ಇಂದ’ ಎಂಬ ಅರ್ಥವಿಲ್ಲ, ‘ಬಳಿ’ ಎಂದು ಅರ್ಥ. ಚುಕ್ಕಾಣಿ ಹಿಡಿದವನಿಗೆ ಕೊಡುತ್ತಿದ್ದ ‘ಫುಲ್ ಅಂಡ್ ಬೈ’ ಎಂಬ ಆಜ್ಞೆಯಲ್ಲಿಯೂ ಇದೇ ‘ಬೈ’ ಇದೆ: ಹಾಯಿಗಳು ತುಂಬಿರಲಿ, ಆದರೆ ಗಾಳಿಯ ಸಾಮೀಪ್ಯವನ್ನು ಬಿಟ್ಟುಕೊಡಬೇಡ ಎಂಬುದು ಅದರ ತಾತ್ಪರ್ಯ. ಇದು ಸುಲಭವಾದ ಕೆಲಸವಾಗಿರಲಿಲ್ಲ. ಚುಕ್ಕಾಣಿಗನು ಸ್ವಲ್ಪ ಮೈಮರೆತು ಹಡಗನ್ನು ಗಾಳಿಯ ಕಡೆಗೆ ಇನ್ನೊಂದು ಭಾಗದಷ್ಟು ತಿರುಗಿಸಿದನೆಂದರೆ ಗಾಳಿ ಹಾಯಿಗಳ ಮುಂಬದಿಗೆ ಬಡಿದು ಅವುಗಳನ್ನು ಕಂಬಕ್ಕೆ ಒತ್ತಿಬಿಡುತ್ತಿತ್ತು. ಆಗ ಹಡಗು ನಿಂತುಹೋಗುತ್ತಿತ್ತು. ಬಿರುಗಾಳಿಯಾದರೆ ಕಂಬಗಳೇ ಮುರಿಯುತ್ತಿದ್ದುವು. ಬೆಚ್ಚಿ ಸ್ತಬ್ಧನಾದನೆಂಬ ಅರ್ಥದ ‘ಟೇಕನ್ ಅಬ್ಯಾಕ್’ ಎಂಬ ಇಂಗ್ಲಿಷ್ ಮಾತು ಹುಟ್ಟಿದುದು ಈ ಸಂದರ್ಭದಿಂದಲೇ.

‘ಲಾರ್ಜ್’ ಎಂಬುದು ಇದರ ಎದುರು ಪಕ್ಷ. ಗಾಳಿಯು ಹಡಗಿನ ಪಕ್ಕದಿಂದಲೋ ಹಿಂಪಕ್ಕದಿಂದಲೋ ಬೀಸುತ್ತಿದ್ದು, ಹಾಯಿಯ ಹಗ್ಗಗಳನ್ನು ಸಡಿಲಿಸಿ ನಿರಾಳವಾಗಿ ಸಾಗುವುದಕ್ಕೆ ‘ಗೋಯಿಂಗ್ ಲಾರ್ಜ್’ ಎನ್ನುತ್ತಿದ್ದರು. ದೊಡ್ಡದು ಎಂಬ ಇಂದಿನ ಅರ್ಥವನ್ನು ಇಲ್ಲಿ ಮರೆಯಬೇಕು. ಲ್ಯಾಟಿನಿನ ‘ಲಾರ್ಗಸ್’ ಎಂಬ ಮಾತಿಗೆ ಧಾರಾಳವಾದುದು ಎಂಬ ಅರ್ಥವಿದೆ; ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಬೆನ್ನ ಹಿಂದಿನಿಂದ ನೇರವಾಗಿ ಬೀಸುವ ಗಾಳಿಯೇ ಎಲ್ಲಕ್ಕಿಂತ ಅನುಕೂಲವೆಂದು ನೆಲದವರಾದ ನಾವು ಭಾವಿಸುತ್ತೇವೆ. ಅದು ಸರಿಯಲ್ಲ. ಗಾಳಿ ನೇರವಾಗಿ ಹಿಂದಿನಿಂದ ಬಂದಾಗ ಹಿಂದಿನ ಕಂಬದ ಹಾಯಿಗಳು ಮುಂದಿನವುಗಳಿಗೆ ಮರೆಯಾಗುತ್ತವೆ. ಹಿಂಪಕ್ಕದಿಂದ ಓರೆಯಾಗಿ ಬಂದಾಗ ಎಲ್ಲ ಹಾಯಿಗಳೂ ಗಾಳಿಯನ್ನು ಪಡೆಯುತ್ತವೆ. ಈ ವಿವರವನ್ನು ಹದಿನೇಳನೆಯ ಶತಮಾನದ ಕೋಶಕಾರರು ಗಮನಿಸಿದ್ದರು. ಸರ್ ಹೆನ್ರಿ ಮೇನ್ವಾರಿಂಗ್ 1620ರ ದಶಕದ ಆದಿಯಲ್ಲಿ ಬರೆದು 1644ರಲ್ಲಿ ಅಚ್ಚಾದ ನಾವಿಕಪದಕೋಶದಲ್ಲಿ ‘ಲಾರ್ಜ್’ ಎಂಬುದನ್ನು ಗಾಳಿಗೆ ಹತ್ತಿರದ ನಡೆಗೂ ಗಾಳಿಯ ಮುಂದಿನ ನೇರ ನಡೆಗೂ ನಡುವಣ ಸ್ಥಿತಿಯೆಂದು ವಿವರಿಸಲಾಗಿದೆ. ಈ ಮೇನ್ವಾರಿಂಗ್ ಮೊದಲು ಕಡಲ್ಗಳ್ಳನಾಗಿದ್ದು 1616ರಲ್ಲಿ ದೊರೆಯ ಕ್ಷಮಾದಾನ ಪಡೆದು, ಎರಡು ವರ್ಷಗಳಲ್ಲಿಯೇ ‘ಸರ್’ ಪದವಿಯನ್ನೂ ಗಳಿಸಿದವನು. ಗಾಳಿಯ ವಿಷಯದಲ್ಲಿ ಅವನ ಮಾತನ್ನು ನಂಬಬಹುದು.

ಇನ್ನು ಎರಡು ಮಾತುಗಳು ಒಂದಾಗಿ ಬಂದ ಸಂದರ್ಭ. ಸ್ಯಾಮ್ಯುಯಲ್ ಸ್ಟರ್ಮಿ ಎಂಬಾತನು 1669ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ದ ಮ್ಯಾರಿನರ್ಸ್ ಮ್ಯಾಗಜೀನ್’ ಎಂಬ ಗ್ರಂಥದಲ್ಲಿ ಅವು ಜೊತೆಯಾಗಿ ದೊರೆಯುತ್ತವೆ. ‘ಮ್ಯಾಗಜೀನ್’ ಎಂದರೆ ಆಗ ಉಗ್ರಾಣವೆಂದು ಅರ್ಥ. ನಾವಿಕನಿಗೆ ಬೇಕಾದ ಗಣಿತ, ಉಪಕರಣಗಳು, ಹಡಗಿನ ಆಜ್ಞೆಗಳು ಎಲ್ಲವನ್ನೂ ತುಂಬಿಟ್ಟ ದಪ್ಪ ಪುಸ್ತಕವದು. ವಿವಿಧ ಹವೆಗಳಲ್ಲಿ ಹಡಗನ್ನು ನಡೆಸುವಾಗ ಹೇಳತಕ್ಕ ಆಜ್ಞೆಗಳನ್ನು ಒಂದೊಂದಾಗಿ ಕೊಟ್ಟ ಮೇಲೆ ಸ್ಟರ್ಮಿಯು, ಒಳ್ಳೆಯ ಹವೆಯಲ್ಲಿಯೂ ಕೆಟ್ಟ ಹವೆಯಲ್ಲಿಯೂ, ‘ಬೈ ಅಂಡ್ ಲಾರ್ಜ್’ ಹಡಗನ್ನು ನಡೆಸುವ ಬಗೆಯನ್ನು ಓದುಗನು ಕಂಡಂತಾಯಿತೆಂಬ ಅಭಿಪ್ರಾಯದಿಂದ ಆ ಭಾಗವನ್ನು ಮುಗಿಸುತ್ತಾನೆ. ಇಲ್ಲಿ ಎರಡು ಜೋಡಿಗಳಿರುವುದನ್ನು ಗಮನಿಸಬೇಕು. ಒಳ್ಳೆಯದು, ಕೆಟ್ಟದು ಎಂಬುದು ಹವೆಯ ಜೋಡಿ. ಬೈ, ಲಾರ್ಜ್ ಎಂಬುದು ಗಾಳಿಯ ಜೋಡಿ. ಒಂದು ಇನ್ನೊಂದಕ್ಕೆ ಟೀಕೆಯಂತಿದೆ. ಯಾವುದನ್ನೂ ಬಿಟ್ಟಿಲ್ಲ, ಕಠಿಣವಾದುದನ್ನೂ ಸೇರಿಸಿಯೇ ಹೇಳಿದ್ದೇನೆ ಎಂಬುದು ಗ್ರಂಥಕರ್ತನ ಹೆಮ್ಮೆ.

ಈ ನುಡಿಗಟ್ಟಿಗೆ ಇನ್ನೊಂದು ವಿವರಣೆಯೂ ಜನಪ್ರಿಯ ಪುಸ್ತಕಗಳಲ್ಲಿ ಕಾಣುತ್ತದೆ. ಅನುಭವ ಸಾಲದ ಚುಕ್ಕಾಣಿಗನಿಗೆ, ಗಾಳಿಗೆ ತೀರ ಹತ್ತಿರ ಹೋಗದೆ ಸ್ವಲ್ಪ ಸಡಿಲವಾಗಿಯೇ ನಡೆಸು ಎಂದು ಹೇಳುತ್ತಿದ್ದ ಆಜ್ಞೆ ಇದೆಂದೂ, ‘ಸುಮಾರಾಗಿ’ ಎಂಬ ಅರ್ಥ ಅದರಿಂದಲೇ ಬಂದಿತೆಂದೂ ಆ ಪುಸ್ತಕಗಳು ಹೇಳುತ್ತವೆ. ಇದು ಇಂದಿನ ಅರ್ಥವನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆದು ಕಟ್ಟಿದ ಊಹೆಯೆಂದು ನನಗೆ ತೋರುತ್ತದೆ. ಸ್ಟರ್ಮಿಯ ವಾಕ್ಯಕ್ಕೆ ಅದು ಸ್ವಲ್ಪವೂ ಹೊಂದುವುದಿಲ್ಲ. ಅಲ್ಲಿ ನಡುದಾರಿಯ ಪ್ರಸ್ತಾಪವೇ ಇಲ್ಲ, ಇರುವುದು ಎರಡು ಕೊನೆಗಳು.

ಮುಂದಿನ ಆಧಾರವೂ ಇದನ್ನೇ ಸಮರ್ಥಿಸುತ್ತದೆ. ಲಂಡನ್ನಿನ ವಿಡಂಬನಕಾರನೂ ಪಾನಗೃಹದ ಒಡೆಯನೂ ಆಗಿದ್ದ ನೆಡ್ ವಾರ್ಡ್ 1706–07ರ ಸುಮಾರಿನಲ್ಲಿ ‘ದ ವುಡನ್ ವರ್ಲ್ಡ್ ಡಿಸೆಕ್ಟೆಡ್’ ಎಂಬ ಕೃತಿಯಲ್ಲಿ ನೌಕಾಪಡೆಯವರ ನಡೆವಳಿಕೆಯನ್ನು ಲೇವಡಿ ಮಾಡಿದನು. ತನ್ನ ಮುಂದಾಳಿನ ಸಮಕ್ಕೆ ನಿಲ್ಲಲು ಹೆಣಗುವ ಒಬ್ಬನನ್ನು ವರ್ಣಿಸುವಾಗ ಅವನು, ಎಲ್ಲ ಬಗೆಯಿಂದಲೂ ಪ್ರಯತ್ನಿಸಿದನೆಂದು ಹೇಳಿ, ಅದರ ಬೆನ್ನಿಗೇ ‘ಬೈ ಅಂಡ್ ಲಾರ್ಜ್’ ಎಂಬ ಮಾತನ್ನು ಸೇರಿಸುತ್ತಾನೆ. ಪ್ರಯೋಗ ಲಾಕ್ಷಣಿಕ; ಗಾಳಿಯ ಮಾತು ಮನುಷ್ಯನ ಪ್ರಯತ್ನಕ್ಕೆ ಅನ್ವಯವಾಗಿದೆ. ಆದರೆ ಪಾತ್ರ ಇನ್ನೂ ನಾವಿಕನೇ. ಮಾತು ಬಂದರಿನವರೆಗೆ ಬಂದಿದೆ, ಊರೊಳಗೆ ಇನ್ನೂ ಹೊಕ್ಕಿಲ್ಲ. ಅರ್ಥವಾದರೋ ‘ಎಲ್ಲ ಬಗೆಯಿಂದಲೂ’ ಎಂಬುದೇ. ‘ಬಹುಮಟ್ಟಿಗೆ’ ಎಂಬುದರ ಸುಳಿವು ಅಲ್ಲಿ ಕಾಣದು.

1769ರಲ್ಲಿ ಪ್ರಕಟವಾದ ವಿಲಿಯಂ ಫಾಲ್ಕನರನ ನಾವಿಕನಿಘಂಟಿನಲ್ಲಿಯೂ ‘ಲಾರ್ಜ್’ ಎಂಬುದಕ್ಕೆ ಅನುಕೂಲವಾದ ಪಕ್ಕದ ಗಾಳಿಯೆಂಬ ಪಾರಿಭಾಷಿಕಾರ್ಥ ಸ್ಪಷ್ಟವಾಗಿದೆ. ಆಗಿನ ಇಂಗ್ಲಿಷ್ ಹಡಗುಗಳ ಭಾಷೆಗೆ ಈ ನಿಘಂಟಿಗಿಂತ ಉತ್ತಮವಾದ ಕೈದೀವಿಗೆ ಇಲ್ಲ. ಫಾಲ್ಕನರನ ಅಂತ್ಯ ನಮ್ಮ ದೇಶದ ಇತಿಹಾಸಕ್ಕೂ ತಗುಲಿಕೊಂಡಿದೆ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವ್ಯವಹಾರಗಳನ್ನು ವಿಚಾರಿಸಿ ಸರಿಪಡಿಸಲು ನೇಮಕವಾದ ವ್ಯಾನ್ಸಿಟಾರ್ಟ್, ಸ್ಕ್ರಾಫ್ಟನ್, ಫೋರ್ಡ್ ಎಂಬ ಮೂವರನ್ನು ಕರೆತರುತ್ತಿದ್ದ ‘ಅರೋರಾ’ ಎಂಬ ಯುದ್ಧನೌಕೆಯಲ್ಲಿ ಅವನೂ ಅಧಿಕಾರಿಯಾಗಿದ್ದನು. 1769ರ ಡಿಸೆಂಬರಿನಲ್ಲಿ ಆಫ್ರಿಕದ ಕೇಪ್ ಬಂದರನ್ನು ಬಿಟ್ಟ ಆ ನೌಕೆ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಹಡಗು ಮುಳುಗುವುದನ್ನೇ ವಸ್ತುವಾಗಿಸಿಕೊಂಡು ಅವನು 1762ರಲ್ಲಿ ಒಂದು ದೀರ್ಘಕಾವ್ಯವನ್ನೂ ರಚಿಸಿದ್ದನು.

ಎರಡು ಗಾಳಿಗಳನ್ನೂ ಜೊತೆಯಾಗಿ ಹೇಳಬೇಕಾದ ಅಗತ್ಯ ಇಂಗ್ಲಿಷ್ ನಾವಿಕರಿಗೆ ಏಕೆ ಅಷ್ಟಾಗಿ ಇದ್ದಿತು? ಅವರ ಕಡಲಿನ ಸ್ವಭಾವದಲ್ಲಿಯೇ ಇದಕ್ಕೆ ಕಾರಣವಿದೆ. ಇಂಗ್ಲಿಷ್ ಕಾಲುವೆಯಲ್ಲಿ ನೈರುತ್ಯದ ಗಾಳಿಯೇ ಪ್ರಧಾನ. ಲಂಡನ್ನಿನಿಂದ ಹೊರಡುವ ಹಡಗು ಸಾಗಬೇಕಾದ ದಿಕ್ಕೂ ಅದೇ. ಕೆಂಟ್ ಪ್ರಾಂತದ ಡೀಲ್ ಪಟ್ಟಣದ ಎದುರಿಗಿರುವ ‘ಡೌನ್ಸ್’ ಎಂಬ ತಂಗುಗಡಲಿನಲ್ಲಿ ಹೊರನಾಡುಗಳಿಗೆ ಹೊರಟ ಹಡಗುಗಳು ಗಾಳಿ ತಿರುಗುವುದನ್ನು ಕಾಯುತ್ತ ವಾರಗಟ್ಟಲೆ ಲಂಗರು ಹಾಕಿ ನಿಲ್ಲುತ್ತಿದ್ದುವು. ಅಲ್ಲಿಂದ ಬಿಟ್ಟ ಮೇಲೂ ಗಾಳಿ ದಿನಕ್ಕೆರಡು ಸಲ ಮಾರ್ಪಡಬಹುದು. ಅನುಕೂಲಗಾಳಿಯಲ್ಲಿ ಚೆನ್ನಾಗಿ ಓಡುವ ಹಡಗು ಎಷ್ಟೋ ಇದ್ದುವು. ಪ್ರತಿಕೂಲವಾದ ಗಾಳಿ ದಡದ ಬಂಡೆಗಳ ಕಡೆಗೆ ತಳ್ಳುತ್ತಿರುವಾಗ ಅದಕ್ಕೆ ಹತ್ತಿರ ಹಿಡಿದು ಹೊರಗೆ ಬರಬಲ್ಲ ಹಡಗೇ ಹಡಗು. ಆದ್ದರಿಂದ ‘ಬೈ ಅಂಡ್ ಲಾರ್ಜ್’ ಒಳ್ಳೆಯ ಹಡಗು ಎಂದರೆ ಅದು ದೊಡ್ಡ ಪ್ರಶಂಸೆಯಾಗುತ್ತಿತ್ತು.

ಇದಕ್ಕೆ ಹೋಲಿಸಿದರೆ ಅರಬ್ಬೀ ಸಮುದ್ರದ ಹಾಯಿಸಂಚಾರ ಋತುಗಳ ಲೆಕ್ಕದ ಮೇಲೆ ನಡೆಯತಕ್ಕದ್ದು. ನೈರುತ್ಯ ಮಾರುತದ ಕಾಲ ಒಂದು, ಈಶಾನ್ಯ ಮಾರುತದ ಕಾಲ ಇನ್ನೊಂದು. ಹೋಗುವುದಕ್ಕೊಂದು ಗಾಳಿ, ಬರುವುದಕ್ಕೊಂದು ಗಾಳಿ. ಕಂಪೆನಿಯ ಹಡಗುಗಳು ಕೂಡ ಇಂಗ್ಲೆಂಡಿನಿಂದ ಚಳಿಗಾಲದಲ್ಲಿ ಹೊರಟು ಈ ಲೆಕ್ಕಕ್ಕೆ ತಲೆಬಾಗುತ್ತಿದ್ದುವು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಬಿರುಸಿನಲ್ಲಿ ದೋಣಿಗಳನ್ನು ದಡಕ್ಕೆಳೆದು, ಶ್ರಾವಣದ ಹುಣ್ಣಿಮೆಯ ಸುಮಾರಿಗೆ ಸಮುದ್ರಪೂಜೆ ಮಾಡಿ ಮತ್ತೆ ನೀರಿಗಿಳಿಸುವ ಪದ್ಧತಿಯ ಹಿಂದೆಯೂ ಇದೇ ವಿವೇಕವಿದೆ.

ಗಾಳಿಯ ಬಲವನ್ನು ಅಳೆಯುವುದಕ್ಕೂ ಇಂಗ್ಲಿಷರು ‘ಬೈ’ ಎಂಬ ಕಠಿಣ ಸ್ಥಿತಿಯನ್ನೇ ಆಶ್ರಯಿಸಿದುದು ವಿಶೇಷ. ಫ್ರಾನ್ಸಿಸ್ ಬ್ಯೂಫರ್ಟ್ ಎಂಬ ನೌಕಾಧಿಕಾರಿ 1806ರಲ್ಲಿ ತನ್ನ ದಿನಚರಿಯಲ್ಲಿ ಗಾಳಿಯನ್ನು ಅಂಕೆಗಳಿಂದ ಗುರುತಿಸತೊಡಗಿದನು. ಅದನ್ನು ಅವನು ಮುಂದೆ ತಿದ್ದಿ ಬೆಳಸಿದ ಮಾನ 1838ರಲ್ಲಿ ಬ್ರಿಟಿಷ್ ನೌಕಾಪಡೆಯ ಎಲ್ಲ ದಿನಚರಿಗಳಿಗೂ ವಿಧಿತವಾಯಿತು. ಅದರಲ್ಲಿ ಐದರಿಂದ ಒಂಬತ್ತರವರೆಗಿನ ಅಂಕೆಗಳಿಗೆ ಕೊಟ್ಟ ಲಕ್ಷಣವೆಂದರೆ, ಸುಸ್ಥಿತಿಯಲ್ಲಿರುವ ಯುದ್ಧನೌಕೆಯೊಂದು ‘ಫುಲ್ ಅಂಡ್ ಬೈ’ ಸಾಗುತ್ತ ಶತ್ರುವನ್ನು ಬೆನ್ನಟ್ಟುವಾಗ ಎಷ್ಟು ಹಾಯಿಗಳನ್ನು ತಾಳಬಲ್ಲುದೆಂಬುದು. ಹಿಂಗಾಳಿಯಲ್ಲಿ ಹಡಗು ಗಾಳಿಯೊಡನೆಯೇ ಓಡುವುದರಿಂದ ಅದರ ಬಲ ಇದ್ದುದಕ್ಕಿಂತ ಕಡಮೆಯಾಗಿ ತೋರುತ್ತದೆ. ಗಾಳಿಗೆ ಮುಖವೊಡ್ಡಿದಾಗಲೇ ಅದರ ನಿಜವಾದ ಬಲ ತಿಳಿಯುವುದು.

ಹೀಗಿದ್ದ ಮಾತು ತನ್ನ ಅರ್ಥವನ್ನು ಕಳೆದುಕೊಂಡುದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಕಡಲಿನ ಸಂಪರ್ಕವನ್ನು ಬಿಟ್ಟು, ಅಮೆರಿಕ ಮತ್ತು ಇಂಗ್ಲೆಂಡುಗಳ ಸಾಮಾನ್ಯ ಬರವಣಿಗೆಯಲ್ಲಿ ‘ಎಲ್ಲವನ್ನೂ ತೂಗಿ ನೋಡಿದರೆ’ ಎಂಬ ಅರ್ಥದಲ್ಲಿ ಬಳಕೆಯಾಗತೊಡಗಿತು. ಅಲ್ಲಿಂದ ‘ಬಹುಮಟ್ಟಿಗೆ’ ಎಂಬುದಕ್ಕೆ ಒಂದೇ ಹೆಜ್ಜೆ. ಎಲ್ಲವನ್ನೂ ತೂಗಿದ ಮೇಲೆ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ವಾಲಿದ ಕಡೆಯನ್ನು ಹೇಳಿ ಇನ್ನೊಂದು ತಟ್ಟೆಯನ್ನು ಮರೆಯುವುದು ಮನುಷ್ಯಸ್ವಭಾವ. ‘ಆನ್ ದ ಹೋಲ್’ ಎಂಬ ಇಂಗ್ಲಿಷ್ ಮಾತಿಗೂ ಇದೇ ಗತಿಯಾಯಿತು. ಇಡಿಯಾದುದು ಎಂಬ ಪದವನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಅದು ಈಗ ಬಿಡಿಯನ್ನು ಕೈಬಿಡುತ್ತದೆ. ನಮ್ಮ ‘ಒಟ್ಟಾರೆ’ ಎಂಬುದೂ ಪತ್ರಿಕೆಗಳ ಭಾಷೆಯಲ್ಲಿ ಅದೇ ದಾರಿ ಹಿಡಿದಂತಿದೆ. ಇದರ ಜೊತೆಗೆ, ಹಡಗನ್ನು ಬಲ್ಲ ಓದುಗರೂ ಕಡಮೆಯಾದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ತರುವಾಯ ಭಾರತದ ಮಾರ್ಗದಲ್ಲಿ ಉಗಿಹಡಗುಗಳ ಪ್ರಾಬಲ್ಯ ಹೆಚ್ಚಿತು. ಕೆಂಪು ಸಮುದ್ರದ ಗಾಳಿ ಹಾಯಿಹಡಗುಗಳಿಗೆ ಒಗ್ಗುವಂತಿರಲಿಲ್ಲ. ಉಗಿಯಂತ್ರಕ್ಕೆ ‘ಬೈ’ ಎಂಬ ಚಿಂತೆಯೇ ಇಲ್ಲ. ಹೊಸ ಓದುಗನಿಗೆ ನುಡಿಗಟ್ಟಿನಲ್ಲಿ ಕಾಣುತ್ತಿದ್ದುದು ‘ಲಾರ್ಜ್’ ಒಂದೇ, ಅದೂ ದೊಡ್ಡದು ಎಂಬ ಅರ್ಥದಲ್ಲಿ. ದೊಡ್ಡ ಭಾಗದ ಮಟ್ಟಿಗೆ ಎಂದು ಅವನು ತಿಳಿದುಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ಭಾಷೆ ಹೀಗೆ ಮಾರ್ಪಡುವುದು ಸಹಜ, ಅದನ್ನು ದೋಷವೆಂದು ಎಣಿಸತಕ್ಕದ್ದಲ್ಲ. ಆದರೆ ಇತಿಹಾಸವನ್ನು ಬರೆಯುವವರಿಗೆ ಈ ಮಾರ್ಪಾಟಿನಿಂದ ಒದಗುವ ತೊಡಕು ಎಂಥದೆಂಬುದನ್ನು ನಮ್ಮ ನಾಡಿನ ಒಂದು ಉದಾಹರಣೆಯಿಂದ ತೋರಿಸಬಹುದು. ಮೈಸೂರು ಸಂಸ್ಥಾನದ ಜನಗಣತಿಯ ಅಂಕೆಗಳಲ್ಲಿ 1871ರಲ್ಲಿ ಜನಸಂಖ್ಯೆ 50 ಲಕ್ಷ 55 ಸಾವಿರ; 1901ರಲ್ಲಿ 55 ಲಕ್ಷ 39 ಸಾವಿರ. ಈ ಮೂವತ್ತು ವರ್ಷಗಳಲ್ಲಿ ಸಂಸ್ಥಾನದ ಜನಸಂಖ್ಯೆ ‘ಬೈ ಅಂಡ್ ಲಾರ್ಜ್’ ಮೆಲ್ಲಮೆಲ್ಲನೆ ಏರಿತು ಎಂದು ವಿದ್ಯಾರ್ಥಿಯೊಬ್ಬನು ಬರೆದರೆ ಪರೀಕ್ಷಕರು ಅವನಿಗೆ ಅಂಕಗಳನ್ನು ಕೊಡುವುದು ಸಂಭವ. ಇಂದಿನ ಅರ್ಥದಲ್ಲಿ ವಾಕ್ಯ ತಪ್ಪೆನ್ನುವಂತಿಲ್ಲ. ಮೂರು ದಶಕಗಳಲ್ಲಿ ಎರಡು ದಶಕಗಳು ಏರಿಕೆಯವು. ಮೊದಲ ಅಂಕೆಗಿಂತ ಕೊನೆಯ ಅಂಕೆ ದೊಡ್ಡದು.

ಆದರೆ ನಡುವಣ ಅಂಕೆಗಳನ್ನು ನೋಡಬೇಕು. 1881ರ ಗಣತಿಯಲ್ಲಿ ಜನಸಂಖ್ಯೆ 41 ಲಕ್ಷ 86 ಸಾವಿರ. ಹತ್ತು ವರ್ಷಗಳ ಹಿಂದಿನದಕ್ಕಿಂತ 8 ಲಕ್ಷ 69 ಸಾವಿರದಷ್ಟು ಕಡಮೆ. ಎಂದರೆ 1871ರಲ್ಲಿದ್ದ ಪ್ರತಿ ಆರು ಜನರ ಸ್ಥಾನದಲ್ಲಿ ಐದೇ ಜನ. 1876ರಿಂದ 1878ರವರೆಗೆ ನಡೆದ ಮಹಾಕ್ಷಾಮದ ಫಲವದು. 1891ರ ವೇಳೆಗೆ ಕೂಡ ಸಂಖ್ಯೆ 49 ಲಕ್ಷ 43 ಸಾವಿರಕ್ಕೆ ಮಾತ್ರ ಬಂದಿದ್ದಿತು. ಕ್ಷಾಮಕ್ಕೆ ಮುಂಚಿನ ಮಟ್ಟವನ್ನು ಇಪ್ಪತ್ತು ವರ್ಷಗಳಾದರೂ ಮುಟ್ಟಿರಲಿಲ್ಲ. ಸ್ಟರ್ಮಿಯ ಅರ್ಥದಲ್ಲಿ ಆ ವಿದ್ಯಾರ್ಥಿಯ ವಾಕ್ಯವನ್ನು ಪರೀಕ್ಷಿಸಿದರೆ ಅದು ‘ಲಾರ್ಜ್’ ಮಾತ್ರ ನಿಜ, ‘ಬೈ’ ನಿಜವಲ್ಲ. ಮಳೆ ಬೆಳೆಗಳು ಸುಸೂತ್ರವಾಗಿದ್ದ ವರ್ಷಗಳಲ್ಲಿ ಅದು ಸಾಗುತ್ತದೆ. 1877ರಲ್ಲಿ ಬಂಡೆಗೆ ಬಡಿದು ನಿಲ್ಲುತ್ತದೆ. ಇಂದಿನ ಅರ್ಥವಾದರೋ ಬಂಡೆಯನ್ನೇ ನಕ್ಷೆಯಿಂದ ಅಳಿಸಿಬಿಡುತ್ತದೆ. ವಿನಾಯಿತಿಯೆಂದು ಇಲ್ಲಿ ಹೊರಗುಳಿಯುವುದು ಎಂಟೂವರೆ ಲಕ್ಷಕ್ಕೂ ಮಿಕ್ಕಿದ ಮನುಷ್ಯರು. ನಾನೂ ಹಲವು ವರ್ಷ ಇಂಥ ವಾಕ್ಯಗಳಿಗೆ ಅಡ್ಡಗೆರೆ ಎಳೆಯದೆ ಮುಂದೆ ಹೋಗಿದ್ದೇನೆಂಬುದನ್ನು ಒಪ್ಪಿಕೊಳ್ಳಬೇಕು.

ಕನ್ನಡಕ್ಕೆ ಅನುವಾದಿಸುವವರು ಈ ಕಾಲಭೇದವನ್ನು ಗಮನದಲ್ಲಿಡುವುದು ಅವಶ್ಯ. ಹದಿನೇಳು ಹದಿನೆಂಟನೆಯ ಶತಮಾನಗಳ ಹಡಗಿನ ಬರಹಗಳಲ್ಲಿ ಈ ಮಾತು ಬಂದರೆ ‘ಓರೆಯ ಎದುರುಗಾಳಿಯಲ್ಲಿಯೂ ಅನುಕೂಲಗಾಳಿಯಲ್ಲಿಯೂ’ ಎಂದು ಬಿಡಿಸಿಯೇ ಹೇಳಬೇಕು. ಕಂಪೆನಿಯ ಹಡಗುಗಳ ಸಾವಿರಾರು ದಿನಚರಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳನ್ನು ಓದುವ ನಮ್ಮ ಸಂಶೋಧಕರು ‘ಲಾರ್ಜ್’ ಎಂಬುದನ್ನು ಕಂಡು ದೊಡ್ಡ ಗಾಳಿಯೆಂದು ಬರೆದುಕೊಂಡರೆ ಅರ್ಥ ಕೆಡುತ್ತದೆ. ವಾರ್ಡನ ಕಾಲದ ಲಾಕ್ಷಣಿಕ ಪ್ರಯೋಗಕ್ಕೆ ‘ಎಲ್ಲ ಬಗೆಯಿಂದಲೂ’ ಎಂಬುದು ಸಾಕು. ಹತ್ತೊಂಬತ್ತನೆಯ ಶತಮಾನದ ಪ್ರಯೋಗಗಳು ಎರಡು ಅರ್ಥಗಳ ನಡುವೆ ತೂಗಾಡುವುದರಿಂದ ಅಲ್ಲಿ ವಾಕ್ಯವಾಕ್ಯವನ್ನೂ ನೋಡಿ ತೀರ್ಮಾನಿಸಬೇಕಾಗುತ್ತದೆ. ಇಂದಿನ ಗ್ರಂಥಗಳ ಮಟ್ಟಿಗೆ ‘ಬಹುಮಟ್ಟಿಗೆ’ ಎಂಬುದೇ ಪ್ರಾಮಾಣಿಕವಾದ ಅನುವಾದ; ಏನನ್ನೋ ಬಿಟ್ಟಿದ್ದೇವೆಂದು ಅದು ತಾನಾಗಿ ಒಪ್ಪಿಕೊಳ್ಳುತ್ತದೆ. ‘ಒಟ್ಟಿನಲ್ಲಿ’ ಎಂಬುದನ್ನು ಗ್ರಂಥಕಾರನು 1877ನ್ನೂ ಎಣಿಕೆಗೆ ತಂದಿರುವ ಕಡೆ ಮಾತ್ರ ಬಳಸಬಹುದು.